ಕೆಳಗಿನ ದನಿ

ಶೇಂಗಾ ಹುರಿಯುವ ವಾಸನೆ ಬಂದರೆ ಮಂದಿಗೆ ಬಾಯಲ್ಲಿ ನೀರೂರುತ್ತದೆ. ನನ್ನ ಕಾಲು ಇದ್ದಲ್ಲೇ ನಿಲ್ಲುತ್ತದೆ. ಮೊನ್ನೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹೀಗೇ ಆಯಿತು. ನಾಗರ ಪಂಚಮಿ ಹತ್ತಿರ ಬಂದಿದೆ, ಅಂಗಡಿಯವರು ಬೆಲ್ಲ, ಎಳ್ಳು, ಜೋಳದ ಅಳ್ಳು ಎಲ್ಲ ಬುಟ್ಟಿಗಟ್ಟಲೆ ಹೊರಗಿಟ್ಟುಕೊಂಡು ಕೂತಿದ್ದರು. ಸಣ್ಣಗೆ ಮಳೆ. ಯಾರೋ ಒಳಗೆ ಶೇಂಗಾ ಹುರಿಯುತ್ತಿದ್ದರು. ನಾನು ಕೊಡೆ ಹಿಡಿದು ನಡುಬೀದಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು "ಏ ಅಕ್ಕಾರ, ದಾರ್ಯಾಗ ನಿಂತು ಕನಸ ಕಾಣಬ್ಯಾಡ್ರಿ!" ಎಂದು ಬೈದ ಮೇಲೆ ಸರಿದು ನಿಂತೆ. ಅವನು ಬೈದದ್ದು ಸರಿಯೇ. ನಾನಾಗಿದ್ದರೆ ಇನ್ನೂ ಜೋರಾಗಿ ಬೈಯುತ್ತಿದ್ದೆ.

ನೆನಪಾದದ್ದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾನು ಧಾರವಾಡದ ಮಾಳಮಡ್ಡಿಯ ಸೊಸೆಯಾಗಿ ಆಗ ವರ್ಷ ಕಳೆದಿತ್ತು. ನಾನು ಹುಟ್ಟಿ ಬೆಳೆದದ್ದು ಇದೇ ದುರ್ಗದಬೈಲಿನ ಒಂದು ಬಳೆ ಅಂಗಡಿಯ ಮಾಳಿಗೆಯ ಮೇಲೆ. ದಿನವಿಡೀ ಚೌಕಾಸಿ, ಕೂಗಾಟ, ಸೈಕಲ್ ಗಂಟೆ. ಅಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಅಂಥವಳನ್ನು ತಂದು ಮಾಳಮಡ್ಡಿಯ ಹಂಚಿನ ಮನೆಯೊಳಗೆ ಬಿಟ್ಟರು. ಮಧ್ಯಾಹ್ನ ಒಂದು ಚಮಚ ಕೆಳಗೆ ಬಿದ್ದರೂ ಓಣಿಯವರು ಏನಾಯಿತೆಂದು ಕೇಳುವಂಥ ಓಣಿ ಅದು. ಗಂಡ ಶಿವಾನಂದ ಕಾಲೇಜಿನಲ್ಲಿ ಲೆಕ್ಚರರ್, ಆಡುವ ಮಾತೆಲ್ಲ ಅಲ್ಲೇ ಆಡಿ ಮುಗಿಸಿ ಮನೆಗೆ ಬರುವ ಮನುಷ್ಯ. ಮಾವನವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಫೋಟೋದೊಳಗೆ ಕೂತು ಕೂಡ ಅವರು, ಯಾರು ಜೋರಾಗಿ ನಕ್ಕಾರು ಎಂದು ಕಾಯುತ್ತಿರುವಂತೆ ನನಗೆ ಕಾಣುತ್ತಿತ್ತು. ಉಳಿದವರು ಅತ್ತೆ ವಿಮಲಾ.

ಅತ್ತೆ ಕೆಟ್ಟವರಲ್ಲ. ಒಂದು ದಿನ ಬೈದವರಲ್ಲ. ಆದರೆ ನಗುವುದೂ ಇಲ್ಲ. ಮನೆಯಲ್ಲೊಂದು ರೇಡಿಯೋ ಇತ್ತು, ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಮೇಲೊಂದು ಹಿತ್ತಾಳೆ ಬಸವಣ್ಣನನ್ನು ಕೂಡಿಸಿದ್ದರು. ಟಿ.ವಿ. ನಾನು ತವರಿನಿಂದ ತಂದದ್ದು. ನಾನು ಸಿನಿಮಾ ಹಚ್ಚಿದರೆ ಸಾಕು, ಅವರು ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನನ್ನ ಟಿ.ವಿ. ಏನು ಮಾಡಿತ್ತು ಇವರಿಗೆ?

ಒಂದೇ ಒಂದು ಸಪ್ಪಳ ಅವರದಿತ್ತು. ಮುಂಜಾನೆ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದರು. ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಒಂದೇ ಕಡೆ ನಾಲ್ಕು ಸಲ ನಿಲ್ಲುವುದು, ಸ್ವಲ್ಪ ಇಳಿಯುವುದು, ಅಲ್ಲೇ ಎಳೆಯುವುದು, ಮತ್ತೆ ಹಳೇ ಜಾಗಕ್ಕೆ ಬರುವುದು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳನ್ನು ಕೇಳಿ ಬೆಳೆದವಳು ನಾನು, ಹಾಡು ಯಾವುದು, ಹಾಡಲ್ಲದ್ದು ಯಾವುದು ಎಂದು ಗೊತ್ತು. ತವರಿಗೆ ಹೋದಾಗ ಅವ್ವನ ಮುಂದೆ ಬಾಯಿಬಿಟ್ಟೆ.

"ಯವ್ವಾ, ನಮ್ಮತ್ತಿಗೆ ಸುರ ಅನ್ನೂದ ಇಲ್ಲ ನೋಡು. ಅಕಿಗಿಂತ ಹೆಂಚಿನ ಮ್ಯಾಲಿನ ರೊಟ್ಟಿ ಛಂದ ಹಾಡ್ತಾವು."

ಅವ್ವ ಬಳೆ ಜೋಡಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. "ಬಾಯಿ ಮುಚ್ಚ, ನಾಲಿಗಿ ಉದ್ದ ಆಗೈತಿ ನಿಂದು. ಅಕಿ ಹಿಂದಕ ಸಿನಿಮಾದಾಗ ಹಾಡಿದಾಕಿ. ಹಾಡೂದಷ್ಟ ಅಲ್ಲ, ಹೀರೋಯಿನ್ ಇದ್ದಳು."

ನಾನು ನಕ್ಕು ನಕ್ಕು ಕೂತೆ. ಅವ್ವ ನಗಲಿಲ್ಲ. ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ, ವಿಮಲಾ ಮತ್ತು ಕುಸುಮಾ. ಯಾವ ಮದುವೆಯಿರಲಿ, ಹಾಡಿನ ಜಲಸೆಯಿರಲಿ, ಇವರ ಜೋಡಿ ಹಾಡು ಬೇಕೇ ಬೇಕು. ಮದ್ರಾಸಿನ ಯಾರೋ ಕೇಳಿ, ಇಬ್ಬರನ್ನೂ ಹಾಕಿಕೊಂಡು ಒಂದು ನಗೆಯ ಸಿನಿಮಾ ತೆಗೆದರು. ಹೆಸರು 'ವಿಳಾಸ ತಪ್ಪಿದ ಮದುವೆ'. ಹುಬ್ಬಳ್ಳಿಯ ಜನ ಮುಗಿಬಿದ್ದು ನೋಡಿದರು. ಎರಡನೇ ಸಿನಿಮಾಕ್ಕೂ ಮಾತಾಗಿತ್ತು. ಅಷ್ಟರಲ್ಲಿ ಅಕ್ಕನಿಗೆ ಧಾರವಾಡದ ಸಂಬಂಧ ಬಂತು. ಸೊಸೆ ಹಾಡಬಾರದು, ಸಿನಿಮಾದ ತಂಗಿ ಮನೆಗೆ ಬರಬಾರದು ಎಂದು ನನ್ನ ಮಾವನವರು ಕರಾರು ಹಾಕಿದರು. ಅಕ್ಕ ಹೂಂ ಅಂದಳು. ಅಕ್ಕನಿಲ್ಲದೆ ತಂಗಿಯೊಬ್ಬಳೇ ಮದ್ರಾಸಿನವರಿಗೆ ಬೇಡವಾದಳು. ಅಂದಿನಿಂದ ಮಾತಿಲ್ಲ. ತಾಯಿ ಸತ್ತಾಗ ಅಕ್ಕ ಬಂದು ಮಣ್ಣು ಮುಗಿಸಿ, ನೀರು ಸಹ ಕುಡಿಯದೆ ಹಿಂತಿರುಗಿದ್ದಳಂತೆ. ಮದುವೆಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವ್ವ, "ಹೇಳಿದ್ರ ನೀ ಅಕಿ ಮುಂದ ನಿಂತು ಹಾಡ್ರಿ ಅಂತ ಗಂಟ ಬೀಳ್ತಿದ್ದಿ" ಅಂದಳು. ಸುಳ್ಳಲ್ಲ.

ಮಾಳಮಡ್ಡಿಗೆ ಬಂದು ಅತ್ತೆಯನ್ನು ಹೊಸದಾಗಿ ನೋಡಿದೆ. ಸೆರಗು ತಲೆಯ ಮೇಲೆ ಹೊದ್ದು ಮೆಂತ್ಯ ಸೋಸುತ್ತಿದ್ದರು. ಹೀರೋಯಿನ್ ಅಂತೆ! ನಂಬಲಿಕ್ಕಾಗಲಿಲ್ಲ.

ಮೃಗಶಿರ ಮಳೆ ಹಿಡಿದ ಹೊತ್ತಿಗೆ ಅತ್ತೆಯ ದನಿ ಒಡೆಯಿತು. ಥಂಡಿ ಎಂದುಕೊಂಡೆವು. ಜ್ಯೇಷ್ಠಮಧು ಆಯಿತು, ಅರಿಷಿಣ ಹಾಕಿದ ಹಾಲು ಆಯಿತು, ಮೆಣಸಿನ ಕಷಾಯ ಆಯಿತು. ದನಿ ದಿನದಿನಕ್ಕೆ ಗೊಗ್ಗರಾಗುತ್ತಲೇ ಹೋಯಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಕೆ ಹಾಕಿ ನೋಡಿದರು, ಚೂರು ತೆಗೆದು ತಪಾಸಣೆಗೆ ಕಳಿಸಿದರು. ಗಂಟು ಕೆಟ್ಟದ್ದೇ ಆಗಿತ್ತು. ದನಿಪೆಟ್ಟಿಗೆಯನ್ನೇ ತೆಗೆದುಬಿಡಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ, ತಡ ಮಾಡಬೇಡಿ ಎಂದು ಡಾಕ್ಟರು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು.

"ಬ್ಯಾಡ್ರಿ" ಎಂದರು ಅತ್ತೆ. ಅಷ್ಟೇ. ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮನೆಯಲ್ಲಿ ಅವತ್ತಿನಿಂದ ಊಟಕ್ಕೆ ರುಚಿ ಇರಲಿಲ್ಲ. ಮಗ ತಾಯಿಯ ಮುಂದೆ ಕೂತು ಬೇಡಿಕೊಂಡ. "ಅವ್ವಾ, ಜೀವಕ್ಕಿಂತ ದನಿ ದೊಡ್ಡದೇನು? ಹಂಗೂ ನೀ ದಿನಕ್ಕ ಎಷ್ಟ ಮಾತಾಡ್ತಿ ಹೇಳು. ಚೀಟಿ ಬರದ ಕೊಟ್ರೂ ನಡೀತೈತಿ." ಹೇಳಿದವನಿಗೆ ತಾನು ಏನು ಹೇಳಿದೆನೆಂಬುದು ತಿಳಿಯಲಿಲ್ಲ. ಅತ್ತೆ ಅವನನ್ನೇ ನೋಡಿದರು. "ನನ್ನ ದನಿ ನಂದು. ಯಾರಿಗೂ ಕೊಡಾಂಗಿಲ್ಲ" ಎಂದು ಒಳಗೆ ಹೋದರು.

ನನಗೆ ಇಬ್ಬರ ಮೇಲೂ ಸಿಟ್ಟು. ಸಿಟ್ಟಿನ ಕೆಳಗೆ ಹೆದರಿಕೆ. ಈ ಹೆಂಗಸು ಹಟ ಹಿಡಿದು ಸಾಯುತ್ತಾಳೆ, ನಾವು ನೋಡುತ್ತ ಕೂರುತ್ತೇವೆ ಎನ್ನಿಸಿ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ನಾನು ಕಣ್ಣೀರು ಹಾಕಿದೆ. ಮಳೆ ಅಂದರೆ ಮಳೆ. ಧಾರವಾಡದ ಮಳೆ ಹುಬ್ಬಳ್ಳಿಯಂತೆ ಬಂದು ಹೋಗುವುದಿಲ್ಲ, ಜಿಟಿಜಿಟಿ ಎಂದು ಮನೆಯಲ್ಲೇ ಇರುತ್ತದೆ. ಒಗೆದದ್ದು ಒಣಗುತ್ತಿರಲಿಲ್ಲ, ಗೋಡೆಗಳು ಬೆವರುತ್ತಿದ್ದವು. ಅತ್ತೆ ಗುನುಗುವುದನ್ನು ಮಾತ್ರ ಬಿಡಲಿಲ್ಲ. ಈಗ ಅದು ಕೆರೆದಂತೆ ಕೇಳುತ್ತಿತ್ತು. ಆದರೂ ಬಿಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಟಿ.ವಿ. ಹಚ್ಚಿದೆ. ನಮ್ಮ ಓಣಿಯ ಕೇಬಲ್‌ನವನು ಊಟದ ಹೊತ್ತಿಗೆ ಹಳೆಯ ಸಿನಿಮಾದ ಕ್ಯಾಸೆಟ್ ಹಾಕುತ್ತಿದ್ದ. ಕಪ್ಪು ಬಿಳುಪು ಚಿತ್ರ, ಗೆರೆ ಗೆರೆ ಓಡುತ್ತಿತ್ತು. ಒಂದು ಸ್ಕೂಟರ್ ಮೇಲೆ ಇಬ್ಬರು ಹುಡುಗಿಯರು, ಚುಕ್ಕಿ ಚುಕ್ಕಿ ಸೀರೆ, ಕಣ್ಣಿಗೆ ಗಾಗಲ್, ಎರಡೆರಡು ಜಡೆ. ಮದುವೆಯಲ್ಲಿ ಹಾಡಲಿಕ್ಕೆ ಹೊರಟವರು ವಿಳಾಸ ತಪ್ಪಿ ಬೇರೆ ಮದುವೆ ಮನೆಗೆ ನುಗ್ಗುತ್ತಾರೆ. ಅಲ್ಲಿ ಮದುಮಗಳ ಮಾವ ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ, ಇವರು ಮೀಸೆ ಅಂಟಿಸಿಕೊಂಡು ಅಡುಗೆಯವರ ನಡುವೆ ಕೂತು ಹೋಳಿಗೆ ತಿನ್ನುತ್ತಾರೆ. ನಾನು ನಗುತ್ತಿದ್ದವಳು ಹಾಗೆಯೇ ನಿಲ್ಲಿಸಿದೆ. ಹಿಂದಿನ ಸೀಟಿನ ಹುಡುಗಿ ಮೀಸೆ ಕಿತ್ತು ಬಾಯಿ ತುಂಬ ನಕ್ಕಳಲ್ಲ, ಆ ಗಲ್ಲ, ಆ ಮೂಗು! ನನ್ನತ್ತೆ. ಇಷ್ಟು ನಗುತ್ತಿದ್ದಳೇ ಈಕೆ ಎಂದು ಸಂಕಟವಾಯಿತು.

ಅಷ್ಟರಲ್ಲಿ ಹಾಡು ಶುರುವಾಯಿತು.

"ಕರೆಯದೆ ಬಂದೆವು ಬೀಗರೇ,
ಕದವನು ತೆರೆಯಿರಿ ಬೇಗನೇ..."

ಮುಂದೆ ಕೂತವಳ ದನಿ ಮೇಲೆ ಮೇಲೆ ಹಾರುತ್ತಿತ್ತು. ಅದರ ಕೆಳಗೆ ಇನ್ನೊಂದು ದನಿ. "ಹೋಳಿಗೆ ಎರಡು ತಿನ್ನುವೆವು" ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮನೆಯಲ್ಲಿ ಮಳೆಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಆಗ ಅಡುಗೆಮನೆಯಿಂದ ಆ ಗೊಗ್ಗರು ಗುನುಗು ಕೇಳಿಸಿತು. ಟಿ.ವಿ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿದಿತ್ತು. ನನ್ನ ಕಿವಿಯೊಳಗೆ ಮೇಲಿನ ದನಿ ಇನ್ನೂ ಓಡುತ್ತಿತ್ತು, ಅದರ ಕೆಳಗೆ ಇದು ಹೋಗಿ ಕೂತುಕೊಂಡಿತು. ಇದು ಹಾಡೇ ಅಲ್ಲ ಎಂದು ವರ್ಷವಿಡೀ ನಾನು ನಕ್ಕಿದ್ದು ಒಂದು ಹಾಡಿನ ಅರ್ಧ ಭಾಗಕ್ಕೆ.

ಅಡುಗೆಮನೆಗೆ ಓಡಿದೆ. ಅತ್ತೆ ಒಲೆಯ ಮುಂದೆ ಕೈಕಟ್ಟಿ ನಿಂತಿದ್ದರು. ಕಣ್ಣು ಒರೆಸಿಕೊಳ್ಳಲಿಲ್ಲ.

"ಇದು ಕೆಳಗಿನ ದನಿ" ಎಂದರು. "ಕಾಲೋನ್ಯಾಗ ಡೆಲ್ಲಾ ಮಿಸ್ ಅಂತ ಇದ್ದಳು, ಪಿಯಾನೋ ಬಾರಸ್ತಿದ್ಳು. ಅಕಿನ ಕಲಿಸಿದ್ದು. ಮ್ಯಾಲಿನ ದನಿ ಕುಸುಮಾಗ, ಕೆಳಗಿಂದು ನನಗ. ಒಬ್ಬಾಕಿನ ಹಾಡಿದ್ರ ಇದು ಏನೂ ಅಲ್ಲ. ನಿನಗ ಗೊತ್ತ ಐತಲ್ಲ, ನಗತಿದ್ದಿ."

ನನ್ನ ಮುಖ ಕೆಂಪಾಯಿತು. ಅವರು ಹೇಳುತ್ತಲೇ ಹೋದರು. ಅಷ್ಟು ಮಾತು ಅವರು ಆಡಿದ್ದನ್ನು ನಾನು ಕೇಳಿರಲಿಲ್ಲ. "ಡಾಕ್ಟರು ತಕ್ಕೊಂಡು ಹೋಗಲಿ, ನಾ ಒಲ್ಲೆ ಅನ್ನಾಂಗಿಲ್ಲ. ಆದ್ರ ಒಂದ ಸಲ ಕುಸುಮಾನ ಜೋಡಿ ಹಾಡಬೇಕು. ಖರೇ ಹೇಳ್ತೇನಿ ನೀಲಾ, ಒಂದ ಸಲ. ಆಮ್ಯಾಗ ಬೇಕಾದ್ದ ಕೊಯ್ಯಲಿ."

"ಅಯ್ಯ, ಇಷ್ಟ ಏನ್ರಿ? ಕರೀರಿ ಮತ್ತ! ಹುಬ್ಬಳ್ಳಿ ಏನ ವಿಲಾಯತಿ ಐತೇನು? ಮಾವಾರ ಇಲ್ಲ ಈಗ, ಯಾರ ಬ್ಯಾಡ ಅಂತಾರ?"

"ನಾ ಯಾಕ ಕರೀಲಿ?" ಎಂದರು ಅತ್ತೆ. ಕಣ್ಣಿನ ನೀರು ಹಾಗೆಯೇ ಇತ್ತು, ಮುಖ ಬಿಗಿಯಾಯಿತು. "ಅಪ್ಪ ಅವ್ವ ಕಣ್ಣ ಮುಚ್ಚಿದ್ದು ಅಕಿ ಮನ್ಯಾಗ. ಅವರ ದೇವರು, ಅವರ ಭಾಂಡೆ ಎಲ್ಲಾ ಅಕಿ ಹಂತ್ಯಾಕ ಅದಾವು. ಅಂದ್ರ ನನ್ನ ತವರುಮನಿ ಅದ. ಪಂಚಮಿಗೆ ತವರುಮನ್ಯಾವರು ಕರೀಬೇಕು. ಕರೀದ ಹೆಣ್ಣಮಗಳು ಹೆಂಗ ಹೋಗಬೇಕು?" ಮೇಲಿನ ಹಲಗೆಯ ಕಡೆ ಕೈ ಮಾಡಿದರು. ಅಲ್ಲೊಂದು ಖಾಲಿ ಸ್ಟೀಲ್ ಡಬ್ಬಿ ಇತ್ತು. "ಪ್ರತಿ ಪಂಚಮಿಗೂ ಉಂಡಿ ಕಟ್ಟಿ ಅದರಾಗ ತುಂಬತೇನಿ. ಕರಿಯಾಕ ಬಂದ್ರ ಬರಿಗೈಲೆ ಹೋಗಬಾರದಂತ. ಶ್ರಾವಣ ಮುಗಿಯೂತನಕಾ ಕಾಯ್ತೇನಿ, ಆಮ್ಯಾಗ ಓಣ್ಯಾಗ ಹಂಚತೇನಿ."

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ತವರಿನಲ್ಲಿ ಜೋಕಾಲಿ ಆಡಬೇಕು, ಉಂಡೆ ತಿನ್ನಬೇಕು. ಕರೆಯದೆ ಹೋಗುವುದು ಮರ್ಯಾದೆಯಲ್ಲ. ಇವರಿಗೆ ಅಣ್ಣತಮ್ಮಂದಿರಿಲ್ಲ. ಸರಿ, ಹಾಗಾದರೆ ನಾನೇ ಹೋಗಿ ಕುಸುಮಾ ಚಿಗವ್ವನಿಗೆ ಹೇಳಿ ಕರೆಸುತ್ತೇನೆ ಎಂದು, ಪಂಚಮಿಗೆ ಇನ್ನೇನು ಸ್ವಲ್ಪ ದಿನ ಇರುವಾಗ, ತವರಿಗೆ ಹೋಗುವ ನೆವ ಮಾಡಿ ಹುಬ್ಬಳ್ಳಿ ಬಸ್ಸು ಹತ್ತಿದೆ.

ರೇಲ್ವೆ ಕ್ವಾರ್ಟರ್ಸ್ ಬಿಟ್ಟ ಮೇಲೆ ಕುಸುಮಾ ಅದೇ ಭಾಗದಲ್ಲಿ ಸಣ್ಣದೊಂದು ಮನೆ ಹಿಡಿದಿದ್ದರು. ಮದುವೆಯಾಗಿರಲಿಲ್ಲ. ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ತೆಳ್ಳಗೆ, ಬೆಳ್ಳಗೆ, ಬಾಚಿದರೂ ನಿಲ್ಲದ ಬಿಳಿ ಕೂದಲು. ನಾನು ಯಾರೆಂದು ಹೇಳಿದ್ದೇ ತಡ, "ಸಿನಿಮಾ ನೋಡಿದಳೇನು ಅಕಿ?" ಎಂದರು.

ನನಗೆ ಅರ್ಥವಾಗಲಿಲ್ಲ. ಕುಸುಮಾ ನಕ್ಕರು. ನಮ್ಮ ಕೇಬಲ್‌ನವನು ಇವರ ಹಳೆಯ ಶಿಷ್ಯನಂತೆ. ಅತ್ತೆಯ ಗಂಟಲಿನ ಸುದ್ದಿ ಅವನಿಂದಲೇ ಇವರಿಗೆ ತಲುಪಿತ್ತು. "ಕರೀದ ನಾ ಹೆಂಗ ಬರ್ಲಿ? ಕ್ಯಾಸೆಟ್ ಕಳಿಸಿದೆ. ನನ್ನ ಬದ್ಲಿ ಅದ ಹೋಗಿ ಮಾರಿ ತೋರಿಸಿ ಬರ್ಲಿ ಅಂತ."

"ಅವರೂ ನೀವ ಕರೀತೀರಂತ ಕಾಯಾಕತ್ತಾರ್ರಿ" ಎಂದೆ.

"ನಾನು ಕರೀಬೇಕ?" ಕುಸುಮಾ ಎದ್ದು ನಿಂತರು. "ಅವ್ವ ಸತ್ತ ಮ್ಯಾಲ ಅಕ್ಕ ಅಂದ್ರ ಅವ್ವ. ಅಕ್ಕನ ಮನೀನ ತವರು. ಸಣ್ಣಾಕಿ ದೊಡ್ಡಾಕಿನ್ನ ಕರೀತಾಳೇನು? ಅಕಿ ಕರೀಬೇಕು. ಪ್ರತಿ ವರ್ಷ ಉಂಡಿ ಕಟ್ಟಿ ಇಟಗೊಂಡು ಕುಂಡ್ರತೇನಿ, ಇವತ್ತ ಬಂದಾಳು, ನಾಳಿ ಬಂದಾಳು ಅಂತ." ಒಳಗೆ ಹೋಗಿ ಒಂದು ಅಲ್ಯೂಮಿನಿಯಂ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದರು. "ನೋಡು. ಇದ ಡಬ್ಬಿ."

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಬರುವ ಊರು. ಇಷ್ಟು ವರ್ಷ ಈ ಕಡೆ ಒಂದು ಡಬ್ಬಿ, ಆ ಕಡೆ ಒಂದು ಡಬ್ಬಿ. ಮೊದಲ ಕೆಲವು ವರ್ಷ ಸಿಟ್ಟಿತ್ತು ನಿಜ, ಆಮೇಲೆ ಸಿಟ್ಟೂ ಇರಲಿಲ್ಲ, ಬರೀ ಪದ್ಧತಿ ಇತ್ತು. ನನಗೆ ತಡೆಯಲಾಗಲಿಲ್ಲ.

"ಅಲ್ರಿ ಚಿಗವ್ವಾ, ಸಿನಿಮಾದಾಗ ಯಾರದೋ ಮನಿಗೆ ಕರೀದ ನುಗ್ಗಿ, ಮೀಸಿ ಹಚಗೊಂಡು ಹೋಳಿಗಿ ತಿಂದೀರಿ! ಇಲ್ಲೆ ಸ್ವಂತ ಅಕ್ಕನ ಮನಿಗೆ ಬರಾಕ ನಿಮ್ಮನ್ನ ಕರೀಬೇಕೇನ್ರಿ? ಅಲ್ಲೆ ಅಕಿ ಗಂಟಲಾ ಕೊಯ್ಯಾಕ ನಿಂತಾರ. ನಿಮ್ಮ ಜೋಡಿ ಒಮ್ಮೆ ಹಾಡೂತನಕಾ ಅಕಿ ಒಲ್ಲೆ ಅಂತಾಳ. ಹಿಂಗ ಕುಂತ್ರ ಸಾಯ್ತಾಳ, ತಿಳೀತೇನ್ರಿ?"

ಕುಸುಮಾ ಮೊದಲು ನಕ್ಕರು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಮನೆಗೆ ಬಂದು ಅತ್ತೆಯ ಮುಂದೆಯೂ ಅಷ್ಟೇ ಜೋರಾಗಿ ಎಲ್ಲ ಒದರಿದೆ. "ಅವರ ಮನಿ ತವರಂತ ನೀವು, ನಿಮ್ಮ ಮನಿ ತವರಂತ ಅವರು. ಇಬ್ಬರೂ ಸೇರಿ ನನ್ನ ತಲಿ ತಿಂದ ಬಿಡ್ರಿ, ಉಂಡಿ ಯಾಕ ಬೇಕು?" ಅತ್ತೆ ಶೇಂಗಾ ಹುರಿಯುತ್ತ ಕೂತರು. ಹೊಟ್ಟು ಊದುವಾಗ ಉಸಿರು ಸಾಲದೆ ಎರಡು ಸಲ ನಿಲ್ಲಿಸಿದರು.

ಪಂಚಮಿಯ ಮುಂಜಾನೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆಯೂ ಇಲ್ಲ, ಗಂಡನೂ ಇಲ್ಲ. ಹಲಗೆಯ ಮೇಲೆ ಡಬ್ಬಿ ಇರಲಿಲ್ಲ. ನನ್ನ ಎದೆ ಹಗುರಾಯಿತು. ಹೋದರಲ್ಲ, ಕೊನೆಗೂ ಹೋದರಲ್ಲ ಎಂದು ಒಬ್ಬಳೇ ಕುಣಿದೆ. ಹೊರಗೆ ಮಳೆ ಜೋರಾಗಿತ್ತು. ಬಾಗಿಲಿಗೆ ನೀರು ಹಾಕಿ ಎದ್ದು ನೋಡಿದರೆ, ಮೆಟ್ಟಿಲ ಕೆಳಗೆ ಕುಸುಮಾ. ಕೊಡೆ ಮಡಚಿಕೊಂಡು, ಕಂಕುಳಲ್ಲಿ ಅಲ್ಯೂಮಿನಿಯಂ ಡಬ್ಬಿ ಹಿಡಿದುಕೊಂಡು ನಿಂತಿದ್ದರು.

"ಕರೀದ ಬಂದೇನವಾ" ಎಂದರು. "ಎಲ್ಲಿ ಅದಾಳ ಅಕಿ?"

"ನಿಮ್ಮ ಮನಿಗೆ ಹೋಗ್ಯಾರ್ರಿ" ಎಂದೆ.

ಕುಸುಮಾ ಕಣ್ಣು ಪಿಳಿಪಿಳಿ ಮಾಡಿದರು. ಅಲ್ಲಿ ಬೀಗ ಹಾಕಿ ಬಂದಿದ್ದರು. ಫೋನೆಂಬುದು ಆಗ ನಮ್ಮ ಮನೆಯಲ್ಲಿರಲಿಲ್ಲ, ಅವರ ಮನೆಯಲ್ಲೂ ಇರಲಿಲ್ಲ. ಹಿಂದೆ ಹೋದರೆ ಮತ್ತೆ ದಾರಿಯಲ್ಲಿ ತಪ್ಪುತ್ತದೆ. ಕೂರಿಸಿದೆ. ಹಿಂದೆಂದೂ ಕಾಲಿಡದ ಆ ಮನೆಯನ್ನು ಅವರು ಮೆಲ್ಲಗೆ ನೋಡಿದರು, ಮಾವನವರ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತರು. "ಇವರ ಬ್ಯಾಡ ಅಂದಿದ್ದು. ಅಕಿ ಹೂಂ ಅಂದಿದ್ದು. ನಾ ಇವರನ್ನ ಯಾವತ್ತೋ ಮರತೆ, ಅಕಿ ಹೂಂ ಅಂದಿದ್ದ ಮರೀಲಿಲ್ಲ" ಎಂದರು. ನಾನು ಚಹಾ ಕೊಟ್ಟೆ. ಆರಿತು. ಮತ್ತೆ ಕೊಟ್ಟೆ. ಓಣಿಯ ಹುಡುಗಿಯರು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಗೆ ಆಡಲಿಕ್ಕೆ ಬಂದು ಮಳೆಗೆ ಹೆದರಿ ಓಡಿ ಹೋದರು. ಮಧ್ಯಾಹ್ನ ದಾಟಿತು. ಗಂಟಲು ಹಾಗಿರುವ ಹೆಂಗಸು ಈ ಮಳೆಯಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದಾಳೆಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಸಂಜೆಯ ಮುಂದೆ ಬಂದರು. ಗಂಡ ಅತ್ತೆಯನ್ನು ರಟ್ಟೆ ಹಿಡಿದು ಕರೆತರುತ್ತಿದ್ದ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಡಬ್ಬಿ ಮಾತ್ರ ಅತ್ತೆಯ ಸೆರಗಿನೊಳಗೆ ಒಣಗಿತ್ತು. ಬಾಗಿಲಲ್ಲಿ ತಂಗಿಯನ್ನು ಕಂಡು ಅಲ್ಲೇ ನಿಂತರು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ.

"ನಿನ್ನ ಬಾಗಲದಾಗ ಕುಂತಿದ್ದೆ, ಇಷ್ಟೊತ್ತನಕಾ" ಎಂದರು. ಅದು ದನಿಯಲ್ಲ, ಬರೀ ಗಾಳಿ.

"ನಾ ನಿನ್ನ ಬಾಗಲದಾಗ" ಎಂದರು ಕುಸುಮಾ.

ಸೀರೆ ಬದಲಿಸಿ ಬಂದು ಪಡಸಾಲೆಯಲ್ಲಿ ಎದುರುಬದುರು ಕೂತರು. ಡಬ್ಬಿಗಳು ಬದಲಾದವು. ಅತ್ತೆಗೆ ನುಂಗಲಿಕ್ಕೆ ಕಷ್ಟ. ಚೂರು ಚೂರು ಮುರಿದು ಬಾಯಲ್ಲಿ ಕರಗಿಸಿಕೊಂಡರು. "ಬೆಲ್ಲ ಹೆಚ್ಚಾಗೈತಿ" ಎಂದು ಪಿಸುಗುಟ್ಟಿದರು. "ನಿಂದರಾಗ ಯಾಲಕ್ಕಿನ ಇಲ್ಲ" ಎಂದರು ತಂಗಿ. ಜಗಳವಾಡಲಿಕ್ಕೆ ಸಿಕ್ಕಿತಲ್ಲ ಎಂಬ ಖುಷಿ ಇಬ್ಬರ ಮುಖದಲ್ಲೂ ಒಂದು ಗಳಿಗೆ ಕಂಡಿತು.

ಆಮೇಲೆ ಅತ್ತೆ ನೆಟ್ಟಗೆ ಕೂತು ತೊಡೆಯ ಮೇಲೆ ತಾಳ ಶುರುಮಾಡಿದರು. ಕುಸುಮಾ ಎತ್ತಿಕೊಂಡರು. "ಕರೆಯದೆ ಬಂದೆವು ಬೀಗರೇ..." ವಯಸ್ಸಾದರೂ ಆ ದನಿ ಹಾಗೆಯೇ ಮೇಲಕ್ಕೆ ಹೋಯಿತು. ಅತ್ತೆ ಬಾಯಿ ತೆರೆದರು. ಏನೂ ಬರಲಿಲ್ಲ. ಕತ್ತಿನ ನರ ಉಬ್ಬಿತು, ಮತ್ತೆ ತೆರೆದರು, ಉಸಿರು ಬಂತು, ದನಿ ಬರಲಿಲ್ಲ. ಇಡೀ ದಿನದ ಮಳೆ, ಥಂಡಿ, ಅದಕ್ಕೂ ಹಿಂದಿನ ಅಷ್ಟೂ ವಾರ, ಎಲ್ಲ ಸೇರಿ ಉಳಿದಿದ್ದ ಅಷ್ಟಿಷ್ಟನ್ನೂ ತಿಂದುಬಿಟ್ಟಿದ್ದವು. ಕುಸುಮಾ ನಿಲ್ಲಿಸಿದರು.

"ನಾ ಒಬ್ಬಾಕಿನ ಹಾಡಾಂಗಿಲ್ಲ" ಎಂದರು. "ಹೋದ ವರ್ಷ ಬಂದಿದ್ರ..."

ಅತ್ತೆ ಕೈಯಾಡಿಸಿ ಸಾಕು ಎಂದರು. ಅವರ ಮುಖ ನೋಡಲಿಕ್ಕಾಗುತ್ತಿರಲಿಲ್ಲ. ಕೇಳಿದ್ದು ಒಂದೇ ಒಂದು, ಅದೂ ಕೈತಪ್ಪಿತ್ತು. ಚೀಟಿ ಬರೆದು ಕೊಟ್ಟರೂ ನಡೆಯುತ್ತದೆ ಎಂದಿದ್ದ ನನ್ನ ಗಂಡ ಈಗ ಒದ್ದೆ ಬಟ್ಟೆಯಲ್ಲೇ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ.

ನಾನು ಹಾಡುವವಳಲ್ಲ. ಬಳೆ ಅಂಗಡಿಯಲ್ಲಿ ಗಿರಾಕಿಗಳನ್ನು ಕೂಗಿ ಕರೆದದ್ದಷ್ಟೇ ನನ್ನ ಸಂಗೀತ. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿಂದ ಅದು ಹೊರಗೆ ಬಂತು. ಒಂದೇ ಕಡೆ ನಾಲ್ಕು ಸಲ ನಿಲ್ಲುವುದು, ಸ್ವಲ್ಪ ಇಳಿಯುವುದು, ಅಲ್ಲೇ ಎಳೆಯುವುದು. ವರ್ಷವಿಡೀ ಮುಂಜಾನೆ ಮುಂಜಾನೆ ರೊಟ್ಟಿಯ ಸಪ್ಪಳದೊಂದಿಗೆ ಕಿವಿಗೆ ಬಿದ್ದದ್ದು, ಅವ್ವನ ಮುಂದೆ ಅಣಕಿಸಿದ್ದು, ಕಲಿತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅತ್ತೆ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಕುಸುಮಾ ಮೇಲಿನ ದನಿಯಲ್ಲಿ ಬಂದು ಕೂಡಿಕೊಂಡರು.

"ಹೋಳಿಗೆ ಎರಡು ತಿನ್ನುವೆವು,
ಹಾಡನು ಹಾಡಿ ಹೋಗುವೆವು..."

'ಹೋಗುವೆವು' ಎನ್ನುವಲ್ಲಿ ಫಟ್ಟೆಂದು ನನ್ನ ತೊಡೆಗೆ ಏಟು ಬಿತ್ತು. ಅತ್ತೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ಮೇಲೆ ಕೈ ಮಾಡಿದ್ದರು. ತಪ್ಪಿದ್ದೆ, ಇಳಿಯಬೇಕಾದಲ್ಲಿ ಇಳಿದಿರಲಿಲ್ಲ. ಬೆರಳು ಎತ್ತಿ ಮತ್ತೊಮ್ಮೆ ಎಂದರು. ಮತ್ತೆ ಹಾಡಿದೆವು. ಮತ್ತೆ ಏಟು. ಮತ್ತೆ ಹಾಡಿದೆವು. ಒಂದು ಕೈಯಿಂದ ತಾಳ ಹಾಕುತ್ತಿದ್ದರು, ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು, ಒರೆಸಿಕೊಳ್ಳಲಿಕ್ಕೆ ತಾಳ ಬಿಡಬೇಕಾಗುತ್ತದೆಂದು ಒರೆಸಿಕೊಳ್ಳಲಿಲ್ಲ. ದೀಪ ಹಚ್ಚುವವರೆಗೂ ಬಿಡಲಿಲ್ಲ ನಮ್ಮನ್ನು.

ಮರುದಿನ ಯಾರೂ ಏನೂ ಕೇಳುವ ಮೊದಲೇ ತಮ್ಮ ಚೀಲಕ್ಕೆ ಎರಡು ಸೀರೆ, ಒಂದು ಚಾದರ, ಬಸವಣ್ಣನ ವಿಭೂತಿ ಹಾಕಿಕೊಂಡು ಕೂತರು. ಕುಸುಮಾ ಆಸ್ಪತ್ರೆಗೂ ಬಂದರು. ಆಪರೇಶನ್ ಕೋಣೆಗೆ ಒಯ್ಯುವ ಮುಂಜಾನೆ ಅತ್ತೆ ಸನ್ನೆ ಮಾಡಿ ಮಗನನ್ನಲ್ಲ, ತಂಗಿಯನ್ನಲ್ಲ, ನನ್ನನ್ನು ಹತ್ತಿರ ಕರೆದರು. ಏನೋ ಮನಸ್ಸಿನ ಮಾತು ಹೇಳುತ್ತಾರೆ, ಮಗನನ್ನು ನೋಡಿಕೊ ಎನ್ನುತ್ತಾರೆ, ದೇವರ ದೀಪ ಮರೆಯಬೇಡ ಎನ್ನುತ್ತಾರೆ ಎಂದು ಕಣ್ಣು ತುಂಬಿಕೊಂಡು ಅವರ ಬಾಯಿಗೆ ಕಿವಿ ಹಚ್ಚಿದೆ.

"'ಹೋಗುವೆವು' ಅನ್ನೂವಲ್ಲೆ" ಎಂದು ಪಿಸುಗುಟ್ಟಿದರು ಅತ್ತೆ, "ಇನ್ನೂ ಕೆಳಗ ಇಳೀಬೇಕು."

ಅದಾದ ಮೇಲೆಯೂ ಅವರು ನಮ್ಮೊಂದಿಗೆ ಬಹಳ ವರ್ಷ ಇದ್ದರು. ತಮ್ಮ ಸ್ವಂತ ಗಂಟಲಿನಿಂದ ಆಡಿದ ಕೊನೆಯ ಮಾತು ಅದು. ಪ್ರತಿ ಪಂಚಮಿಗೆ ಈಗಲೂ ಕುಸುಮಾ ಚಿಗವ್ವನ ಮನೆಗೆ ಹೋಗುತ್ತೇನೆ. ಅವರು ಕರೆಯುವುದಿಲ್ಲ, ನಾನು ಕಾಯುವುದಿಲ್ಲ. ಹಾಡುತ್ತೇವೆ. ಆ ಜಾಗದಲ್ಲಿ ನಾನು ಇವತ್ತಿಗೂ ಸರಿಯಾಗಿ ಇಳಿಯುವುದಿಲ್ಲ.